ಮನೆಯೊಳಗಿನ ಗಣಿ, ಕರೆಂಟಿನ ಲೆಕ್ಕ

ಮಕ್ಕಳೇ, ತಾತ-ಅಜ್ಜಿಯರೇ, ಈ ವಾರ ಗಣಿಯ ವಿಷಯ. ಹಾರೆ-ಗುದ್ದಲಿ ಹಿಡಿದು ಅಗೆಯುವ ಗಣಿಯಲ್ಲ, ಕಂಪ್ಯೂಟರಿನೊಳಗಿನ ಗಣಿ. "ತಾತ, ಮನೆಯಲ್ಲೇ ಬಿಟ್‌ಕಾಯಿನ್ ಮೈನಿಂಗ್ ಮಾಡಬಹುದಂತೆ, ಒಂದು ಮಿಷನ್ ಕೊಡಿಸ್ತೀಯಾ?" ಎಂದು ಕೇಳುವ ಮೊಮ್ಮಕ್ಕಳು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಬೇಡ ಎಂದು ಗದರುವುದು ಸುಲಭ. ಪಿಂಚಣಿ ದುಡ್ಡು ತೆಗೆದುಕೊಡುವುದೂ ಸುಲಭ. ಎರಡಕ್ಕೂ ಮೊದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ಇಬ್ಬರೂ ಒಟ್ಟಿಗೆ ಕೂತುಕೊಳ್ಳಿ.

ನಾಣ್ಯ ಹೊಡೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ತೆರೆದರು. ಟಿಪ್ಪುವಿನ ಕಾಲದ ಆನೆ ಮುದ್ರೆಯ ತಾಮ್ರದ ಕಾಸೂ ಅಲ್ಲಿ ಅಚ್ಚಾಯಿತು. ಅಂದು ನಾಣ್ಯದ ಹಿಂದೆ ದೊರೆ ಇದ್ದ, ಇಂದು ರೂಪಾಯಿಯ ಹಿಂದೆ ಸರ್ಕಾರ ಮತ್ತು ರಿಸರ್ವ್ ಬ್ಯಾಂಕ್ ಇವೆ. ಬಿಟ್‌ಕಾಯಿನ್‌ಗೆ ದೊರೆಯೂ ಇಲ್ಲ, ಬ್ಯಾಂಕೂ ಇಲ್ಲ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಅದರ ವಿವರ ಪ್ರಕಟಿಸಿದರು. 2009ರ ಜನವರಿ 3ರಂದು ಅದರ ಮೊದಲ ಪುಟ ಬರೆಯಲಾಯಿತು.

ಪುಟ ಎಂದೆ, ಏಕೆಂದರೆ ಅದೊಂದು ಲೆಡ್ಜರು. ನಾನು ಬ್ಯಾಂಕಿನಲ್ಲಿದ್ದ ದಿನಗಳಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ನಮ್ಮ ಲೆಡ್ಜರು ಬ್ಯಾಂಕಿನ ಬೀರುವಿನಲ್ಲಿ ಇರುತ್ತಿತ್ತು. ಬಿಟ್‌ಕಾಯಿನ್ ಲೆಡ್ಜರಿನ ಪ್ರತಿ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಸುಮಾರು ಹತ್ತು ನಿಮಿಷಕ್ಕೆ ಒಂದು ಹೊಸ ಪುಟ ಸೇರುತ್ತದೆ. ಆ ಪುಟ ಬರೆಯುವ ಗುಮಾಸ್ತ ಯಾರು? ಪಂದ್ಯದಲ್ಲಿ ಗೆದ್ದವನು.

ಈ ಪಂದ್ಯ ತಿಳಿಯಲು ಚೌಕಾಬಾರದ ಕವಡೆ ಸಾಕು. ಹತ್ತು ಕವಡೆ ಎಸೆಯಿರಿ, ಹತ್ತೂ ಮಗುಚಿ ಬೀಳಬೇಕು. ಕವಡೆ ಹೇಗೆ ಬೀಳುವ ಸಾಧ್ಯತೆಯೂ ಸಮ ಎಂದುಕೊಂಡರೆ, ಸರಾಸರಿ 1,024 ಸಲ ಎಸೆದರೆ ಒಮ್ಮೆ ಹಾಗಾದೀತು. ಎಸೆಯುವುದು ಕಷ್ಟ, ಬಿದ್ದಿದೆಯೇ ಎಂದು ನೋಡುವುದು ಸುಲಭ: ಪಕ್ಕದಲ್ಲಿ ಕೂತ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಒಂದು ಸಲ ನೋಡಿದರೆ ಸಾಕು. ಮೈನಿಂಗ್ ಯಂತ್ರ ಮಾಡುವುದೂ ಇಷ್ಟೇ, ಕವಡೆಯ ಬದಲು ಸಂಖ್ಯೆಗಳನ್ನು ಎಸೆಯುತ್ತದೆ. ಆಡುವವರು ಹೆಚ್ಚಾದರೆ? ಕವಡೆಯ ಲೆಕ್ಕ ಹೆಚ್ಚಿಸಬೇಕು. ಬಿಟ್‌ಕಾಯಿನ್ ಪ್ರತಿ 2,016 ಪುಟಕ್ಕೊಮ್ಮೆ, ಎಂದರೆ ಸುಮಾರು ಎರಡು ವಾರಕ್ಕೊಮ್ಮೆ, ಪಂದ್ಯದ ಕಷ್ಟವನ್ನು ಹೀಗೆ ತಿದ್ದಿಕೊಳ್ಳುತ್ತದೆ.

ಗೆದ್ದವನಿಗೆ ಬಹುಮಾನವಾಗಿ ಹೊಸ ಬಿಟ್‌ಕಾಯಿನ್. ಮೊದಲು ಪುಟಕ್ಕೆ 50 ಇತ್ತು. ಪ್ರತಿ 2,10,000 ಪುಟಕ್ಕೆ ಅದು ಅರ್ಧವಾಗುತ್ತದೆ. 2024ರ ಏಪ್ರಿಲ್‌ನಿಂದ 3.125 ಆಗಿದೆ. ಎಲ್ಲ ಸೇರಿ 2 ಕೋಟಿ 10 ಲಕ್ಷ ದಾಟುವುದಿಲ್ಲ.

ಇನ್ನು ಖರ್ಚಿನ ಕಡೆ ಬರೋಣ. 1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಲಿ ಎಂಬುದೂ ಕನ್ನಂಬಾಡಿ ಕಟ್ಟೆ ಕಟ್ಟಲು ಒಂದು ಕಾರಣವಾಯಿತು. ಅಂಥ ಗಣಿ 2001ರಲ್ಲಿ ಮುಚ್ಚಿತು. ನೆಲದಲ್ಲಿ ಚಿನ್ನ ಮುಗಿದಿರಲಿಲ್ಲ, ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತ್ತು. ಬೆಲ್ಲದ ಬೆಲೆಗಿಂತ ಬೇಯಿಸುವ ಖರ್ಚು ಹೆಚ್ಚಾದರೆ ಪಾಂಡವಪುರದ ಆಲೆಮನೆಯವರೂ ಒಲೆ ಹೊತ್ತಿಸುವುದಿಲ್ಲ.

ಈಗ ಪೆನ್ನು ಹಿಡಿಯಿರಿ. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ಯಂತ್ರ ಆಂಟ್‌ಮೈನರ್ ಎಸ್9. ಅದು 2016ರ ಮಾದರಿ. ಸೆಕೆಂಡಿಗೆ ಸುಮಾರು 14 ಲಕ್ಷ ಕೋಟಿ ಸಲ ಎಸೆಯುತ್ತದೆ. ಅಬ್ಬಾ ಎನ್ನಬೇಡಿ. ಜಗತ್ತಿನ ಯಂತ್ರಗಳೆಲ್ಲ ಸೇರಿ 2025ರಲ್ಲಿ ಸೆಕೆಂಡಿಗೆ 80 ಕೋಟಿ ಲಕ್ಷ ಕೋಟಿ ಎಸೆತವನ್ನೂ ದಾಟಿದವು. ದಿನಕ್ಕೆ 144 ಪುಟ, ಒಟ್ಟು ಬಹುಮಾನ 450 ಬಿಟ್‌ಕಾಯಿನ್. ಅದನ್ನು 80 ಕೋಟಿ ಪಾಲು ಮಾಡಿದರೆ ನಮಗೆ 14 ಪಾಲು. ಒಂದು ಬಿಟ್‌ಕಾಯಿನ್‌ಗೆ 80 ಲಕ್ಷ ರೂಪಾಯಿ ಎಂದು ಹಿಡಿದರೂ ದಿನಕ್ಕೆ 63 ರೂಪಾಯಿ. ಯಂತ್ರ ಎಳೆಯುವುದು 1,350 ವಾಟ್, ಎಂದರೆ ದಿನಕ್ಕೆ 32 ಯೂನಿಟ್‌ಗೂ ಹೆಚ್ಚು. ಯೂನಿಟ್‌ಗೆ ಆರು ರೂಪಾಯಿ ಎಂದರೆ 194 ರೂಪಾಯಿ. ದಿನಕ್ಕೆ 131 ರೂಪಾಯಿ ನಷ್ಟ! ಮೇಲೆ ಅದರ ಗದ್ದಲ, ಕಾವು ಬೇರೆ.

ತಿಂಗಳಿಗೆ ಇದೊಂದೇ 972 ಯೂನಿಟ್ ನುಂಗುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಮನೆಯವರು ನೆನಪಿಡಿ: 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ನಾಗಮಂಗಲದ ಕಡೆ ತೋಟದ ಬೋರ್‌ವೆಲ್ ಇದೆ, ಪಂಪ್‌ಸೆಟ್ಟಿನ ಕರೆಂಟು ಬಿಟ್ಟಿಯಲ್ಲವೇ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನೀರೆತ್ತಲು ಕೊಟ್ಟ ಕರೆಂಟನ್ನು ಇದಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. 2022ರ ಏಪ್ರಿಲ್‌ನಿಂದ ಇಂಥ ಆಸ್ತಿಯ ಲಾಭಕ್ಕೆ ಶೇ. 30 ತೆರಿಗೆಯೂ ಇದೆ. ಮೈನಿಂಗ್ ಯಂತ್ರದ ಖರ್ಚನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ.

ಹಾಗಾದರೆ ಮಕ್ಕಳ ಆಸೆಗೆ ಪೂರ್ಣವಿರಾಮವೇ? ಬೇಡ. ಅಂಗೈಯಷ್ಟಗಲದ ನೆರ್ಡ್‌ಮೈನರ್ ಎಂಬ ಸಾಧನವಿದೆ. ಫೋನ್ ಚಾರ್ಜರಿನಲ್ಲೇ ನಡೆಯುತ್ತದೆ, ಸುಮಾರು ಒಂದು ವಾಟ್ ಸಾಕು, ತಿಂಗಳಿಗೆ ಒಂದು ಯೂನಿಟ್ ಕೂಡ ಆಗದು. ಮನೆಯ ವೈಫೈಗೆ ಸೇರಿಸಿದರೆ ಹೊಸ ಪುಟಗಳು ಬರುವುದನ್ನು, ತನ್ನ ಎಸೆತಗಳನ್ನು ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಅದಕ್ಕಿಂತ ಬಹಳ ಶಕ್ತಿಯ ಬಿಟ್‌ಆಕ್ಸ್ ಎಂಬುದು ಸುಮಾರು 17 ವಾಟ್ ಎಳೆಯುತ್ತದೆ, ತಿಂಗಳಿಗೆ 12 ಯೂನಿಟ್. ಅದೊಂದರಿಂದಲೇ ಪುಟ ಗೆಲ್ಲಲು ಸರಾಸರಿ 12 ಸಾವಿರ ವರ್ಷ ಬೇಕು. ಕೆ.ಆರ್. ಪೇಟೆ ಬಳಿಯ ಹೊಸಹೊಳಲಿನ ಹೊಯ್ಸಳ ದೇವಸ್ಥಾನಕ್ಕೆ ಇನ್ನೂ ಒಂದು ಸಾವಿರ ವರ್ಷವೇ ತುಂಬಿಲ್ಲ! ಇವು ಸಂಪಾದನೆಯ ಯಂತ್ರಗಳಲ್ಲ, ಕಲಿಕೆಯ ಆಟಿಕೆಗಳು. ಹಾಗೆಂದು ಕೊಳ್ಳುವುದಾದರೆ ಕೊಳ್ಳಿ. ವ್ಯಾಲೆಟ್ ದೊಡ್ಡವರ ಹೆಸರಿನಲ್ಲಿರಲಿ. ಅದರ ಗುಟ್ಟಿನ 12 ಅಥವಾ 24 ಪದಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಯಾರಿಗೂ ಹೇಳಬೇಡಿ. ಕಳೆದರೆ ಹುಡುಕಿಕೊಡಲು ಮ್ಯಾನೇಜರ್ ಇಲ್ಲ.

ಯಂತ್ರವೇ ಬೇಡ, ದುಡ್ಡು ಕೊಡಿ, ನಿಮ್ಮ ಪರವಾಗಿ ನಾವು ಮೈನಿಂಗ್ ಮಾಡುತ್ತೇವೆ ಎನ್ನುವವರ ಬಗ್ಗೆ ಮಾತ್ರ ಎರಡು ಮಾತಿಲ್ಲ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ 18 ತಿಂಗಳ ಕಾಲ ತಿಂಗಳಿಗೆ ಶೇ. 10 ಕೊಡುವುದಾಗಿ ಆಸೆ ಹುಟ್ಟಿಸಿ ದೇಶದ ಅನೇಕರನ್ನು ಮುಳುಗಿಸಿತು, ಸಿಬಿಐ ತನಿಖೆಗೂ ಬಂತು. ಯಾವ ಬ್ಯಾಂಕ್ ಠೇವಣಿ ತಿಂಗಳಿಗೆ ಶೇ. 10 ಕೊಡುತ್ತದೆ, ಹೇಳಿ? ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈ ಭಾನುವಾರದ ಕೆಲಸ ಇದು. ಕವಡೆ ಇಲ್ಲದಿದ್ದರೆ ಒಂದು ಬದಿ ತಿಕ್ಕಿದ ಹುಣಸೆ ಬೀಜವಾದರೂ ಸರಿ. ಮೊದಲು ಮೂರು, ಆಮೇಲೆ ಐದು, ಆಮೇಲೆ ಏಳು ಎಸೆಯಿರಿ. ಎಲ್ಲವೂ ಮಗುಚಿ ಬೀಳಲು ಎಷ್ಟು ಎಸೆತ ಬೇಕಾಯಿತು? ಮೊಮ್ಮಕ್ಕಳು ಎಸೆಯಲಿ, ತಾತ-ಅಜ್ಜಿ ಬರೆದುಕೊಳ್ಳಲಿ. ಲೆಕ್ಕದ ಪ್ರಕಾರ ಸರಾಸರಿ 8, 32, 128 ಬರಬೇಕು. ನಿಮ್ಮದು ಎಷ್ಟು ಬಂತು?