ಮೊಳೆ ಹೊಡೆಯುವ ಮುನ್ನ

ಎಂ.ಎ. ಓದುತ್ತಿದ್ದಾಗ ಮೈಸೂರಿನ ಒಂದು ಹಳೆಯ ಕಟ್ಟಡದಲ್ಲಿ ನಡೆದ ಸಮಕಾಲೀನ ಕಲಾ ಪ್ರದರ್ಶನಕ್ಕೆ ಸ್ವಯಂಸೇವಕನಾಗಿ ಹೋಗಿದ್ದೆ. ನೂರು ವರ್ಷ ದಾಟಿದ ಕಟ್ಟಡ. ಉದ್ಘಾಟನೆಯ ಹಿಂದಿನ ರಾತ್ರಿ ನನ್ನ ಕೈಗೆ ಡ್ರಿಲ್ ಕೊಟ್ಟು ಗೋಡೆ ತೋರಿಸಿದರು. ಮೂರನೆಯ ತೂತಿಗೆ ಅಂಗೈಯಗಲದ ಗಾರೆ ಕಳಚಿ ನನ್ನ ಕಾಲ ಬಳಿ ಬಿತ್ತು. ಆಯೋಜಕರು ಬಂದು ನೋಡಿ, ‘ಪರವಾಗಿಲ್ಲ, ಚಿತ್ರಾನ ಸ್ವಲ್ಪ ಎಡಕ್ಕೆ ಸರಿಸಿ, ಮುಚ್ಚಿಹೋಗುತ್ತೆ’ ಎಂದರು. ಮಾರನೆಯ ದಿನ ಅದೇ ಚಿತ್ರದ ಪಕ್ಕದ ಫಲಕದಲ್ಲಿ ‘ಪರಂಪರೆಯೊಂದಿಗೆ ಸಂವಾದ’ ಎಂದು ಬರೆದಿತ್ತು. ಆ ಸಂವಾದದಲ್ಲಿ ಗೋಡೆ ಆಡಿದ ಮಾತನ್ನು ಮುಚ್ಚಿಟ್ಟವನು ನಾನೇ.

ಆ ವಾರ ಊರಿಗೆ, ಮದ್ದೂರಿನ ಪಕ್ಕದ ವೈದ್ಯನಾಥಪುರಕ್ಕೆ, ಹೋದಾಗ ತಾತನ ಹತ್ತಿರ ಹೇಳಿಕೊಂಡೆ. ತಾತ ಜೀವಮಾನವೆಲ್ಲ ಗಾರೆ ಕೆಲಸ ಮಾಡಿದವರು. ಬೈಯಲಿಲ್ಲ. ‘ಸುಣ್ಣದ ಗೋಡೆ ಉಸುರಾಡ್ತದೆ ಕಣ್ ಮಗ. ಸಿಮೆಂಟ್ ಮೆತ್ತಿದ್ರೆ ಉಸುರು ಕಟ್ತದೆ. ಕೇಳ್ಬುಟ್ಟು ಹೊಡೀಬೇಕಾಗಿತ್ತು’ ಅಂದರು. ಯಾರನ್ನು ಕೇಳಬೇಕಿತ್ತು ಎಂದೆ. ‘ಗೋಡೆ ಗೊತ್ತಿರೋರ್ನ’ ಅಂದರು.

ಆಮೇಲೆ ಓದಿ ತಿಳಿದದ್ದು ತಾತನ ಮಾತಿನ ವಿವರಣೆಯಷ್ಟೇ. ಸುಣ್ಣ, ಮರಳಿಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಮಾಡುತ್ತಿದ್ದ ಗಾರೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ತಡೆಯುತ್ತದೆ. ಒಳಗೆ ಸಿಕ್ಕಿಕೊಂಡ ನೀರಿನಲ್ಲಿರುವ ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದಲೇ ದೂಡುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿ ಬಿರುಕು ಬಿಡಿಸುತ್ತದೆ. ಪ್ರದರ್ಶನ ಹದಿನೈದು ದಿನಕ್ಕೆ ಮುಗಿಯುತ್ತದೆ, ತೂತು ಮುಗಿಯುವುದಿಲ್ಲ.

ಹಾಗೆಂದು ಹಳೆಯ ಕಟ್ಟಡಗಳಿಗೆ ಬೀಗ ಜಡಿಯಿರಿ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಅವರೊಂದಿಗೆ ನನಗೆ ಇನ್ನೂ ದೊಡ್ಡ ಜಗಳವಿದೆ. ‘ಇಂಥ ಜಾಗದಲ್ಲಿ ಇಂಥ ಚಿತ್ರವೇ?’ ಎಂದು ಕೇಳುವವರು ನಮ್ಮ ಜಿಲ್ಲೆಯದೇ ಆದ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಒಮ್ಮೆ ಹೋಗಿಬರಲಿ. ಆ ಅರಮನೆ 1784ರದು. ಅದರ ಗೋಡೆಯ ಮೇಲಿರುವ ಪೊಲ್ಲಿಲೂರು ಯುದ್ಧ ನಡೆದದ್ದು 1780ರಲ್ಲಿ. ನಾಲ್ಕೇ ವರ್ಷ ಹಿಂದಿನ ಸುದ್ದಿಯನ್ನು ಗೋಡೆ ತುಂಬ ಬರೆಸುವುದು ಸಮಕಾಲೀನ ಕಲೆಯಲ್ಲದೆ ಮತ್ತೇನು? ಮೈಸೂರಿನ ಜಗನ್ಮೋಹನ ಅರಮನೆ 1861ರದು. 1915ರಲ್ಲಿ ಅದು ಚಿತ್ರಶಾಲೆಯಾದಾಗ, ಇಂದು ಅಲ್ಲಿ ನಾವು ‘ಪರಂಪರೆ’ ಎಂದು ನೋಡುವ ರವಿವರ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತಷ್ಟೇ. ಹಳೆಯ ಕಟ್ಟಡಗಳು ಯಾವತ್ತೂ ತಮ್ಮ ಕಾಲದ ಹೊಸದನ್ನು ಒಳಗೆ ಬಿಟ್ಟುಕೊಂಡೇ ಬದುಕಿವೆ. 1964ರ ವೆನಿಸ್ ಸನ್ನದು ಕೂಡ ಹೇಳುವುದು ಅದನ್ನೇ: ಸ್ಮಾರಕವನ್ನು ಸಮಾಜಕ್ಕೆ ಉಪಯೋಗವಾಗುವಂತೆ ಬಳಸಿದರೆ ಅದು ಉಳಿಯುತ್ತದೆ, ಆದರೆ ಆ ಬಳಕೆ ಕಟ್ಟಡದ ವಿನ್ಯಾಸವನ್ನೂ ಅಲಂಕಾರವನ್ನೂ ಬದಲಿಸಕೂಡದು.

ಪಾವಿತ್ರ್ಯದ ಮಾತಾಡುವವರ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು. ಶಾಸನದ ಕಲ್ಲಿನ ಮೇಲೆ ಆಯಿಲ್ ಪೇಂಟ್ ಬಳಿದಾಗ, ಕಲ್ಲುಚಪ್ಪಡಿ ಕಿತ್ತು ಟೈಲ್ಸ್ ಹಾಕಿದಾಗ, ಕಂಬ ಕೊರೆದು ಟ್ಯೂಬ್‌ಲೈಟ್ ಕಟ್ಟಿದಾಗ ಇವರಿಗೆ ಏನೂ ಅನಿಸುವುದಿಲ್ಲ. ಅದು ‘ಜೀರ್ಣೋದ್ಧಾರ’. ನಾಲ್ಕು ಹುಡುಗರು ಕ್ಯಾನ್ವಾಸ್ ಹಿಡಿದು ಬಂದರೆ ಮಾತ್ರ ‘ಅಪಚಾರ’. ಇವರಿಗೆ ಭಯವಿರುವುದು ಗೋಡೆಯ ಬಗ್ಗೆ ಅಲ್ಲ, ಚಿತ್ರ ಕೇಳಬಹುದಾದ ಪ್ರಶ್ನೆಯ ಬಗ್ಗೆ.

ಆದರೆ ನಮ್ಮವರ ತಪ್ಪು ಇದರಿಂದ ಮಾಫಿಯಾಗುವುದಿಲ್ಲ. ಕಲಾಲೋಕದ ಬಹಳ ಮಂದಿಗೆ ಹಳೆಯ ಕಟ್ಟಡವೆಂದರೆ ನಾಟಕದ ಪರದೆ. ಸುಣ್ಣ ಉದುರಿದ ಗೋಡೆ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಅಷ್ಟೇ. ಬೆಂಗಳೂರಿನಲ್ಲಿ ಮಾಡಿದ ಕೃತಿಯನ್ನು ತಂದು ಇಳಿಸಿ, ನೇತುಹಾಕಿ, ಇಳಿಸಿಕೊಂಡು ಹೋಗುತ್ತಾರೆ. ಆ ಕಟ್ಟಡದ ಬದಲು ಮದುವೆ ಛತ್ರವಿದ್ದರೂ ಕೃತಿಗೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಇದು ಸಂವಾದವಲ್ಲ, ಬಾಡಿಗೆ.

ಬೇರೆ ರೀತಿಯೂ ಸಾಧ್ಯ. 2012ರ ಡಿಸೆಂಬರ್ 12ರಂದು ಶುರುವಾದ ಮೊದಲ ಕೊಚ್ಚಿ ಬಿನಾಲೆಯಲ್ಲಿ ವಿವಾನ್ ಸುಂದರಂ ಆಸ್ಪಿನ್‌ವಾಲ್ ಹೌಸ್‌ನಲ್ಲಿ ‘ಬ್ಲ್ಯಾಕ್ ಗೋಲ್ಡ್’ ಮಾಡಿದರು. ಪಟ್ಟಣಂ ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳನ್ನು ನೆಲದ ಮೇಲೆ ಜೋಡಿಸಿ ಮುಳುಗಿಹೋದ ಬಂದರು ಪಟ್ಟಣವೊಂದನ್ನು ಕಟ್ಟಿದರು, ಜೊತೆಗೆ ಕರಿಮೆಣಸು. ಸಂಬಾರ ಪದಾರ್ಥಗಳ ವ್ಯಾಪಾರ ನಡೆದ ಕಟ್ಟಡದಲ್ಲೇ ಆ ವ್ಯಾಪಾರದ ಕಥೆ. ಅದನ್ನು ಎತ್ತಿ ಬೇರೆಡೆ ಇಟ್ಟರೆ ಅರ್ಧ ಅರ್ಥ ಅಲ್ಲೇ ಉಳಿದುಬಿಡುತ್ತದೆ. ಬೆಂಗಳೂರಿನಲ್ಲೂ ಮಾಣಿಕ್ಯವೇಲು ಮ್ಯಾನ್ಷನ್ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾದಾಗ, ಬೇಕಾದ ಜಾಗವನ್ನೆಲ್ಲ ಹಳೆಯ ಮನೆಯೊಳಗೇ ತುರುಕದೆ ಹೊಸ ಕಟ್ಟಡವೊಂದನ್ನು ಸೇರಿಸಿದರು. ಹಳೆಯದರ ಮೇಲೆ ಎಷ್ಟು ಭಾರ ಹಾಕಬಹುದೆಂದು ಯೋಚಿಸುವುದೂ ಕಲೆಯ ಕೆಲಸವೇ.

ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗಾದರೆ 1959ರ ನಿಯಮಗಳಿವೆ. ಅಲ್ಲಿ ಸಭೆ, ಸಮ್ಮೇಳನ, ಮನರಂಜನೆಗೆ ಲಿಖಿತ ಅನುಮತಿ ಬೇಕು. ನಾನು ತೂತು ಕೊರೆದ ಕಟ್ಟಡ ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ಊರುಗಳ ಹೆಚ್ಚಿನ ಹಳೆಯ ಶಾಲೆ, ಛತ್ರ, ತೊಟ್ಟಿಮನೆಗಳೂ ಇಲ್ಲ. ಅವನ್ನು ಕಾಯಬೇಕಾದ್ದು ಕಾನೂನಲ್ಲ, ನಾವು.

ಆದ್ದರಿಂದ ನನ್ನ ಬೇಡಿಕೆ ಸರಳ. ಕೃತಿ ತನ್ನ ಕಾಲ ಮೇಲೆ ತಾನು ನಿಲ್ಲಲಿ. ಗೋಡೆಗೆ ಆನಿಸದ ಚೌಕಟ್ಟು, ಬುಡಕ್ಕೆ ಮರಳುಚೀಲ ಸಾಕು. ಕೆಲಸ ಶುರುವಾಗುವ ಮುಂಚೆ ಗೋಡೆ, ನೆಲದ ಫೋಟೋ ತೆಗೆದಿಟ್ಟು, ಮುಗಿದ ಮೇಲೆ ಎಲ್ಲರೆದುರು ಹೋಲಿಸಿ ನೋಡಲಿ. ದುರಸ್ತಿಯ ಹಣವನ್ನು ಉದ್ಘಾಟನೆಯ ಊಟಕ್ಕಿಂತ ಮೊದಲು ತೆಗೆದಿಡಲಿ. ಕ್ಯುರೇಟರ್ ಜೊತೆ ಸುಣ್ಣದ ಕೆಲಸ ಬಲ್ಲ ಒಬ್ಬ ಗಾರೆಯವರಿರಲಿ, ಅವರ ಹೆಸರೂ ಫಲಕದಲ್ಲಿರಲಿ. ಇಷ್ಟು ಮಾಡಲಾಗದವರು ದಯವಿಟ್ಟು ಛತ್ರ ಹುಡುಕಿಕೊಳ್ಳಲಿ.

ಹೋದ ತಿಂಗಳು ಆ ಕಟ್ಟಡಕ್ಕೆ ಮತ್ತೆ ಹೋಗಿದ್ದೆ. ನನ್ನ ತೂತಿಗೆ ಯಾರೋ ಸಿಮೆಂಟು ಮೆತ್ತಿದ್ದರು. ಸುತ್ತಲೂ ಒಂದು ಮೊಳದಷ್ಟು ಗಾರೆ ಉಬ್ಬಿ, ಬಿಳಿ ಉಪ್ಪು ಬಿಟ್ಟಿತ್ತು. ಪಕ್ಕದ ಗೋಡೆಗೆ ಹೊಸ ಪ್ರದರ್ಶನದ ಬ್ಯಾನರ್ ಹೊಡೆದಿದ್ದರು, ನಾಲ್ಕು ಮೊಳೆಯಲ್ಲಿ.