ಮೂಗಿಗಿಂತ ಮೂಗುತಿ ಭಾರ: ಫುಟ್‌ಬಾಲ್ ಟಿಕೆಟ್ ದರವೂ ಗ್ಯಾಲರಿಯ ಲೆಕ್ಕವೂ

2016ರ ಫೆಬ್ರುವರಿ 6. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಕ್ರೀಡಾಂಗಣದಲ್ಲಿ ಆತಿಥೇಯ ತಂಡ ಸಂಡರ್‌ಲ್ಯಾಂಡ್ ವಿರುದ್ಧ 2-0 ಗೋಲುಗಳ ಮುನ್ನಡೆಯಲ್ಲಿತ್ತು. ಪಂದ್ಯ 77ನೇ ನಿಮಿಷಕ್ಕೆ ಕಾಲಿಡುತ್ತಿದ್ದಂತೆ ಸುಮಾರು 10 ಸಾವಿರ ಪ್ರೇಕ್ಷಕರು ಆಸನಗಳಿಂದ ಎದ್ದು ಹೊರನಡೆದರು. ಮುಂದಿನ ಋತುವಿನಿಂದ ಹೊಸ ಮುಖ್ಯ ಗ್ಯಾಲರಿಯ ದುಬಾರಿ ಟಿಕೆಟ್‌ಗೆ 77 ಪೌಂಡ್ ದರ ವಿಧಿಸಲು ಕ್ಲಬ್ ತೀರ್ಮಾನಿಸಿತ್ತು. ಪ್ರತಿಭಟನೆಗೆ 77ನೇ ನಿಮಿಷವನ್ನೇ ಆರಿಸಿಕೊಂಡದ್ದು ಅದಕ್ಕಾಗಿ. ಅಭಿಮಾನಿಗಳು ಹೊರನಡೆದ ನಂತರ ಸಂಡರ್‌ಲ್ಯಾಂಡ್ ಎರಡು ಗೋಲು ಗಳಿಸಿ ಪಂದ್ಯವನ್ನು ಸಮ ಮಾಡಿಕೊಂಡಿತು. ನಾಲ್ಕು ದಿನಗಳ ಬಳಿಕ ಕ್ಲಬ್‌ನ ಮಾಲೀಕರು ಕ್ಷಮೆ ಯಾಚಿಸಿ, ಗರಿಷ್ಠ ದರವನ್ನು ಎರಡು ಋತುಗಳ ಕಾಲ 59 ಪೌಂಡ್‌ಗಳಲ್ಲೇ ಉಳಿಸುವುದಾಗಿ ಪ್ರಕಟಿಸಿದರು.

ಟಿಕೆಟ್ ದರ ಏರಿದರೆ ಪ್ರೇಕ್ಷಕರು ಕಡಿಮೆಯಾಗುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ತರಕಾರಿ ಮಾರುಕಟ್ಟೆಯಿಂದ ಸಿನಿಮಾ ಮಂದಿರದವರೆಗೆ ಈ ಸೂತ್ರ ಬಹುಮಟ್ಟಿಗೆ ಅನ್ವಯಿಸುತ್ತದೆ. ಆದರೆ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಮಟ್ಟಿಗೆ ಅಂಕಿ-ಅಂಶಗಳು ಬೇರೆಯೇ ಕಥೆ ಹೇಳುತ್ತವೆ. ಯುರೋಪಿನ ಅತ್ಯಂತ ದುಬಾರಿ ಲೀಗ್‌ಗಳ ಸಾಲಿನಲ್ಲಿರುವ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಕ್ರೀಡಾಂಗಣಗಳು ವರ್ಷದಿಂದ ವರ್ಷಕ್ಕೆ ಶೇ 95ಕ್ಕೂ ಹೆಚ್ಚು ಭರ್ತಿಯಾಗುತ್ತಿವೆ. ಹಾಗಾದರೆ ದರ ಏರಿಕೆಯಿಂದ ಯಾರಿಗೂ ನಷ್ಟವಿಲ್ಲವೇ? ನಷ್ಟವಿದೆ. ಆದರೆ ಅದು ಪ್ರೇಕ್ಷಕರ ಸಂಖ್ಯೆಯಲ್ಲಿ ಕಾಣಿಸುವಂಥದ್ದಲ್ಲ. ಆಸನಗಳ ಮೇಲೆ ಯಾರು ಕುಳಿತಿದ್ದಾರೆ ಎಂದು ನೋಡಿದಾಗ ಮಾತ್ರ ಅದು ಗೋಚರಿಸುತ್ತದೆ.

ಟೇಲರ್ ವರದಿ ಹೇಳಿದ್ದೇನು?

ಇಂಗ್ಲೆಂಡಿನಲ್ಲಿ ಟಿಕೆಟ್ ದರದ ಇತಿಹಾಸ ಒಂದು ದುರಂತದೊಂದಿಗೆ ತಳುಕು ಹಾಕಿಕೊಂಡಿದೆ. 1989ರ ಏಪ್ರಿಲ್‌ನಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಸಂಭವಿಸಿದ ನೂಕುನುಗ್ಗಲು ಒಟ್ಟು 97 ಜನರ ಪ್ರಾಣ ತೆಗೆದುಕೊಂಡಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರಲ್ಲಿ ಸಲ್ಲಿಸಿದ ಅಂತಿಮ ವರದಿಯಲ್ಲಿ, ನಿಂತು ನೋಡುವ ಕಟ್ಟೆಗಳನ್ನು ತೆಗೆದು ಎಲ್ಲರಿಗೂ ಆಸನ ಒದಗಿಸಬೇಕೆಂದು ಶಿಫಾರಸು ಮಾಡಿದರು. ಆಸನಗಳು ಬಂದರೆ ದರ ಏರುತ್ತದೆ, ಬಡ ಪ್ರೇಕ್ಷಕ ಹೊರಗುಳಿಯುತ್ತಾನೆ ಎಂಬ ಆತಂಕ ಆಗಲೇ ಇತ್ತು. ಅದಕ್ಕೆ ಅವರ ಉತ್ತರವೂ ವರದಿಯಲ್ಲಿಯೇ ಇತ್ತು. ನಿಂತು ನೋಡುತ್ತಿದ್ದವರ ಜೇಬಿಗೆ ಹೊಂದುವಂತೆ ಅಗ್ಗದ ಆಸನಗಳ ದರ ನಿಗದಿಪಡಿಸಲು ಸಾಧ್ಯವೆಂದ ಅವರು, ಗ್ಲಾಸ್ಗೊ ನಗರದ ಐಬ್ರಾಕ್ಸ್ ಕ್ರೀಡಾಂಗಣದ ಉದಾಹರಣೆ ನೀಡಿದ್ದರು. ಅಲ್ಲಿ ಆಗ ನಿಲ್ಲಲು 4 ಪೌಂಡ್, ಕೂರಲು 6 ಪೌಂಡ್.

ಕ್ಲಬ್‌ಗಳು ಈ ಶಿಫಾರಸಿನ ಮೊದಲ ಭಾಗವನ್ನು ಪಾಲಿಸಿದವು, ಎರಡನೆಯದನ್ನು ಮರೆತವು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾಯಿತು. ಕ್ರೀಡಾಂಗಣಗಳು ಸುರಕ್ಷಿತವಾದವು, ಸುಂದರವಾದವು, ಕುಟುಂಬಗಳು ಬರತೊಡಗಿದವು. ಇದು ನಿರ್ವಿವಾದದ ಸಾಧನೆ. ಆದರೆ ಹಣದುಬ್ಬರದ ವೇಗವನ್ನು ಬಹಳ ಹಿಂದೆ ಬಿಟ್ಟು ಟಿಕೆಟ್ ದರಗಳು ಓಡಿದವು. 2013ರ ವೇಳೆಗೆ ಲಂಡನ್ನಿನ ದೊಡ್ಡ ಪಂದ್ಯವೊಂದರ ಟಿಕೆಟ್ 62 ಪೌಂಡ್ ತಲುಪಿತ್ತು.

ಸರತಿ ಇಲ್ಲದ ಕಡೆ ಸತ್ಯದರ್ಶನ

ಆ 62 ಪೌಂಡ್‌ನ ಪ್ರಕರಣ ಗಮನಾರ್ಹ. 2013ರ ಜನವರಿಯಲ್ಲಿ ಆರ್ಸೆನಲ್ ತಂಡದ ಎಮಿರೇಟ್ಸ್ ಕ್ರೀಡಾಂಗಣಕ್ಕೆ ಮ್ಯಾಂಚೆಸ್ಟರ್ ಸಿಟಿ ಬಂದಿತ್ತು. ಸಿಟಿ ಆಗ ಹಾಲಿ ಚಾಂಪಿಯನ್. ಅದರ ಅಭಿಮಾನಿಗಳಿಗೆ ಮೀಸಲಿಟ್ಟಿದ್ದ ಸುಮಾರು 3 ಸಾವಿರ ಟಿಕೆಟ್‌ಗಳ ಪೈಕಿ 912 ಮಾರಾಟವಾಗದೆ ಹಿಂದಿರುಗಿದವು. ದರ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಪ್ರಶ್ನಿಸುವ ಬ್ಯಾನರ್ ಗ್ಯಾಲರಿಯಲ್ಲಿ ಕಾಣಿಸಿಕೊಂಡಿತು. ಪಂದ್ಯ ಮುಗಿದ ಮೇಲೆ ಸಹಾಯಕ ರೆಫರಿಯೊಬ್ಬರು ಸಿಟಿ ಆಟಗಾರರಿಗೆ, ಇಷ್ಟು ಹಣ ತೆತ್ತು ಬಂದವರ ಬಳಿ ಹೋಗಿ ಕೃತಜ್ಞತೆ ಹೇಳಿ ಎಂದು ಸೂಚಿಸಿದ್ದು ದೊಡ್ಡ ಸುದ್ದಿಯಾಯಿತು.

ಆತಿಥೇಯ ತಂಡದ ಗ್ಯಾಲರಿಗೂ ಪ್ರವಾಸಿ ತಂಡದ ಗ್ಯಾಲರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಆತಿಥೇಯ ಕ್ಲಬ್‌ನ ಒಬ್ಬ ಅಭಿಮಾನಿ ದುಬಾರಿಯೆಂದು ಟಿಕೆಟ್ ಬಿಟ್ಟುಕೊಟ್ಟರೆ, ಆ ಜಾಗಕ್ಕೆ ಕಾದು ನಿಂತವರ ಸರತಿಯೇ ಇರುತ್ತದೆ. ಒಮ್ಮೆ ನೋಡಿ ಹೋಗಲು ಹೊರದೇಶಗಳಿಂದ ಬರುವವರೂ ಅದರಲ್ಲಿರುತ್ತಾರೆ. ಆಸನ ಖಾಲಿ ಉಳಿಯುವುದಿಲ್ಲ, ಹೋದವನ ಲೆಕ್ಕ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಆದರೆ ನೂರಾರು ಕಿಲೋಮೀಟರ್ ಪ್ರಯಾಣಿಸಿ ಬರುವ ಪ್ರವಾಸಿ ತಂಡದ ಅಭಿಮಾನಿಯ ಆಸನಕ್ಕೆ ಅಂತಹ ಸರತಿ ಇಲ್ಲ. ಹೀಗಾಗಿ ದರದ ಪರಿಣಾಮ ಅಲ್ಲಿ ಮುಚ್ಚುಮರೆಯಿಲ್ಲದೆ ಕಂಡಿತು.

ಅಭಿಮಾನಿ ಸಂಘಟನೆಗಳು ಪ್ರವಾಸಿ ಟಿಕೆಟ್‌ಗೆ 20 ಪೌಂಡ್ ಸಾಕು ಎಂಬ ಆಂದೋಲನ ನಡೆಸಿದವು. ಲಿವರ್‌ಪೂಲ್ ಪ್ರತಿಭಟನೆಯ ಮರು ತಿಂಗಳೇ, ಅಂದರೆ 2016ರ ಮಾರ್ಚ್‌ನಲ್ಲಿ, ಪ್ರೀಮಿಯರ್ ಲೀಗ್ ಕ್ಲಬ್‌ಗಳು ಪ್ರವಾಸಿ ಅಭಿಮಾನಿಗಳ ಟಿಕೆಟ್ ದರಕ್ಕೆ 30 ಪೌಂಡ್ ಮಿತಿ ಹಾಕಲು ಒಪ್ಪಿದವು. ಮೊದಲಿಗೆ ಮೂರು ಋತುಗಳಿಗೆಂದು ಬಂದ ಈ ಮಿತಿ ನಂತರವೂ ವಿಸ್ತರಣೆ ಪಡೆಯಿತು. ಇದನ್ನು ಕೇವಲ ಉದಾರತೆ ಎನ್ನಲಾಗದು. ಎದುರಾಳಿ ಅಭಿಮಾನಿಗಳ ಕೂಗು, ಹಾಡುಗಳಿಲ್ಲದ ಪಂದ್ಯ ಟಿವಿ ಪರದೆಯ ಮೇಲೆ ಸಪ್ಪೆಯಾಗುತ್ತದೆ. ಟಿವಿ ಹಣವೇ ಲೀಗ್‌ನ ಬೆನ್ನೆಲುಬು. 2016ರಿಂದ 2019ರವರೆಗಿನ ಮೂರು ಋತುಗಳಿಗೆ ಬ್ರಿಟನ್ನಿನೊಳಗಿನ ನೇರ ಪ್ರಸಾರದ ಹಕ್ಕುಗಳಿಂದಲೇ 513 ಕೋಟಿ ಪೌಂಡ್‌ಗೂ ಅಧಿಕ ಮೊತ್ತ ಬಂದಿತ್ತು. ಇಷ್ಟು ಹಣ ಬರುವಾಗ ಗ್ಯಾಲರಿಯವನ ಜೇಬಿಗೆ ಮತ್ತೆ ಕೈಹಾಕುವುದೇಕೆ ಎಂಬ ಪ್ರಶ್ನೆಯೇ ಆನ್‌ಫೀಲ್ಡ್ ಪ್ರತಿಭಟನೆಯ ತಿರುಳು.

ಒಬ್ಬ ತಂದೆ, ಇಬ್ಬರು ಮಕ್ಕಳು

ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಋತುವಿನ ನಡುವೆಯೇ, ಉಳಿದಿದ್ದ ಟಿಕೆಟ್‌ಗಳಿಗೆ 66 ಪೌಂಡ್ ಏಕರೂಪದ ದರ ಪ್ರಕಟಿಸಿತು. ಮಕ್ಕಳಿಗೂ, ವೃದ್ಧರಿಗೂ ರಿಯಾಯಿತಿ ಇರಲಿಲ್ಲ. ಅದಕ್ಕೆ ಮೊದಲು ವಯಸ್ಕರಿಗೆ 40, ಮಕ್ಕಳಿಗೆ 25 ಪೌಂಡ್‌ಗಳಿಂದ ಟಿಕೆಟ್ ದೊರೆಯುತ್ತಿತ್ತು. ಇಬ್ಬರು ಮಕ್ಕಳನ್ನು ಕರೆದುಕೊಂಡು ಬರುವ ತಂದೆಯ ಲೆಕ್ಕ ಹಾಕಿದರೆ, ಹಿಂದೆ 90 ಪೌಂಡ್‌ಗಳಲ್ಲಿ ಮುಗಿಯುತ್ತಿದ್ದ ಮಧ್ಯಾಹ್ನಕ್ಕೆ ಈಗ 198 ಪೌಂಡ್ ತೆರಬೇಕಾಯಿತು. ಅಭಿಮಾನಿಗಳು ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣದ ಹೊರಗೆ ಪ್ರತಿಭಟಿಸಿದರು.

ಆ ಋತುವಿನಲ್ಲಿ ಯುನೈಟೆಡ್ 15ನೇ ಸ್ಥಾನಕ್ಕೆ ಕುಸಿಯಿತು. ದರ ಮೇಲೇರಿತ್ತು, ಆಟ ಕೆಳಗಿಳಿದಿತ್ತು. ಆದರೂ ಲೀಗ್ ಪಂದ್ಯಗಳಿಗೆ ಬಂದ ಪ್ರೇಕ್ಷಕರ ಸರಾಸರಿ 73 ಸಾವಿರವನ್ನು ಮೀರಿಯೇ ಇತ್ತು. ಲೆಕ್ಕಪತ್ರ ನೋಡುವ ಅಧಿಕಾರಿಗೆ ಇದರಲ್ಲಿ ಯಾವ ಅಪಾಯವೂ ಕಾಣದು. ಆದರೆ ಮನೆಯಲ್ಲೇ ಉಳಿದ ಆ ಇಬ್ಬರು ಮಕ್ಕಳ ವಿಷಯವೇನು? ಫುಟ್‌ಬಾಲ್ ಅಭಿಮಾನ ಜಾಹೀರಾತಿನಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಅಪ್ಪನ ಕೈಹಿಡಿದು ಗ್ಯಾಲರಿಗೆ ಹೋದ ಮೊದಲ ದಿನದಿಂದ ಹುಟ್ಟುತ್ತದೆ. ಆ ದಿನವೇ ಬಾರದ ಮಗು ಇಪ್ಪತ್ತು ವರ್ಷಗಳ ನಂತರ ಸೀಸನ್ ಟಿಕೆಟ್ ಕೊಳ್ಳುವುದು ಸಂದೇಹ. ಇಂದಿನ ದರದ ನಿಜವಾದ ಬೆಲೆಯನ್ನು ಕ್ಲಬ್ ತೆರಬೇಕಾಗಿ ಬರುವುದು ಆಗ.

ಕ್ಲಬ್‌ಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ಆಟಗಾರರ ಸಂಬಳ ಗಗನಕ್ಕೇರಿದೆ. ಟಿವಿ ಹಣ ಎಲ್ಲ ಕ್ಲಬ್‌ಗಳಿಗೂ ಒಂದೇ ಒಪ್ಪಂದದಿಂದ ಹಂಚಿಕೆಯಾಗುವುದರಿಂದ ಯಾವುದೇ ಕ್ಲಬ್ ತಾನೇ ಅದನ್ನು ಹೆಚ್ಚಿಸಿಕೊಳ್ಳಲಾರದು. ನಷ್ಟದ ಮೇಲೆ ಲೀಗ್ ಮಿತಿ ಹಾಕಿರುವಾಗ, ಆಡಳಿತ ಮಂಡಳಿಯ ಕೈಯಲ್ಲಿ ನೇರವಾಗಿ ಉಳಿದಿರುವ ಕೆಲವೇ ಆದಾಯ ಮೂಲಗಳಲ್ಲಿ ಟಿಕೆಟ್ ಒಂದು. ಬೇಡಿಕೆಯಿರುವ ವಸ್ತುವಿಗೆ ದರ ಏರಿಸುವುದು ವ್ಯಾಪಾರಧರ್ಮವೆಂದು ಅವು ಸಮರ್ಥಿಸಿಕೊಳ್ಳುತ್ತವೆ.

ಜರ್ಮನಿಯ ಬೇರೆ ದಾರಿ

ಈ ವಾದಕ್ಕೆ ಜರ್ಮನಿಯ ಬುಂಡೆಸ್‌ಲೀಗಾ ಕೊಟ್ಟಿರುವ ಉತ್ತರ ಭಿನ್ನವಾದದ್ದು. ಅಲ್ಲಿ ಬಹುತೇಕ ಕ್ಲಬ್‌ಗಳಲ್ಲಿ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ‘50+1’ ಎಂದು ಕರೆಯಲಾಗುವ ಈ ನಿಯಮ 1998ರಿಂದ ಜಾರಿಯಲ್ಲಿದೆ. ನಿಂತು ನೋಡುವ ಕಟ್ಟೆಗಳನ್ನೂ ಜರ್ಮನಿ ಸುರಕ್ಷತಾ ಕ್ರಮಗಳೊಂದಿಗೆ ಉಳಿಸಿಕೊಂಡಿದೆ. ಡಾರ್ಟ್‌ಮಂಡ್ ಕ್ರೀಡಾಂಗಣದ ದಕ್ಷಿಣ ಗ್ಯಾಲರಿಯೊಂದರಲ್ಲೇ ಸುಮಾರು 25 ಸಾವಿರ ಮಂದಿ ನಿಂತು ಪಂದ್ಯ ನೋಡುತ್ತಾರೆ. ಒಂದು ಆಸನದ ಜಾಗದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಿಲ್ಲಬಹುದಾದ್ದರಿಂದ ದರವನ್ನು ಕಡಿಮೆ ಇಡುವುದು ಸಾಧ್ಯವಾಗುತ್ತದೆ.

ಬೇಯರ್ನ್ ಮ್ಯೂನಿಕ್ ಕ್ಲಬ್‌ನ ಅಧ್ಯಕ್ಷರಾಗಿದ್ದ ಉಲಿ ಹೋನೆಸ್ ಹಿಂದೊಮ್ಮೆ ಈ ನೀತಿಯನ್ನು ಸರಳವಾಗಿ ವಿವರಿಸಿದ್ದರು. ಅಗ್ಗದ ಸೀಸನ್ ಟಿಕೆಟ್‌ನ ದರವನ್ನು 104 ಪೌಂಡ್‌ಗಳಿಂದ 300ಕ್ಕೆ ಏರಿಸಿದರೆ ಕ್ಲಬ್‌ಗೆ ಹೆಚ್ಚುವರಿಯಾಗಿ ಸಿಗುವುದು 20 ಲಕ್ಷ ಪೌಂಡ್. ಆಟಗಾರನೊಬ್ಬನ ವರ್ಗಾವಣೆಯ ಚೌಕಾಸಿಯಲ್ಲಿ ಕ್ಷಣಾರ್ಧದಲ್ಲಿ ಕೈಬದಲಾಗುವ ಮೊತ್ತವದು. ಅಭಿಮಾನಿಗಾದರೋ 104ಕ್ಕೂ 300ಕ್ಕೂ ಅಜಗಜಾಂತರ. ಅಭಿಮಾನಿಗಳು ಹಿಂಡುವ ಹಸುಗಳಲ್ಲ ಎಂಬುದು ಅವರ ಮಾತಿನ ಸಾರಾಂಶ.

ಫಲಿತಾಂಶ ಕಣ್ಣೆದುರಿಗಿದೆ. ಬುಂಡೆಸ್‌ಲೀಗಾ ಪಂದ್ಯಗಳಿಗೆ ಬರುವ ಪ್ರೇಕ್ಷಕರ ಸರಾಸರಿ, ಶ್ರೀಮಂತ ಪ್ರೀಮಿಯರ್ ಲೀಗ್‌ಗೆ ಸರಿಸಮಾನವಾಗಿ 40 ಸಾವಿರದ ಆಸುಪಾಸಿನಲ್ಲಿದೆ. ಅಲ್ಲಿನ ಎರಡನೇ ದರ್ಜೆಯ ಲೀಗ್ ಕೂಡ ಇತ್ತೀಚಿನ ಋತುಗಳಲ್ಲಿ 30 ಸಾವಿರದ ಸನಿಹ ತಲುಪಿದೆ. ಹಾಗೆಂದು ಜರ್ಮನಿಯಲ್ಲಿ ಎಲ್ಲವೂ ಸುಸೂತ್ರ ಎಂದಲ್ಲ. 2016ರ ಫೆಬ್ರುವರಿ 9ರಂದು ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಜರ್ಮನ್ ಕಪ್ ಪಂದ್ಯದಲ್ಲಿ ದುಬಾರಿ ದರ ವಿರೋಧಿಸಿ ಡಾರ್ಟ್‌ಮಂಡ್ ಅಭಿಮಾನಿಗಳು ತಡವಾಗಿ ಒಳಬಂದು, ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದಿದ್ದರು. ಹಣಬಲದಲ್ಲಿ ಇಂಗ್ಲಿಷ್ ಕ್ಲಬ್‌ಗಳ ಎದುರು ಜರ್ಮನಿಯ ಬಹುತೇಕ ಕ್ಲಬ್‌ಗಳು ಹಿಂದುಳಿದಿರುವುದೂ ನಿಜ. ಅಗ್ಗದ ಟಿಕೆಟ್‌ಗೂ ಒಂದು ಬೆಲೆಯಿದೆ. ಅದನ್ನು ತೆರಲು ಜರ್ಮನ್ ಅಭಿಮಾನಿಗಳು ಸಿದ್ಧರಿದ್ದಾರೆ ಎನ್ನುವುದಷ್ಟೇ ವ್ಯತ್ಯಾಸ.

ಅಮೆರಿಕದಲ್ಲಿ ತಲೆಕೆಳಗಾದ ಲೆಕ್ಕ

ಬೇಡಿಕೆಯ ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಜೂನ್-ಜುಲೈನಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್ ಸಾಕ್ಷಿ. 32 ತಂಡಗಳ ಈ ಟೂರ್ನಿಗೆ ಫಿಫಾ ಸಂಸ್ಥೆ ಬೇಡಿಕೆಗೆ ತಕ್ಕಂತೆ ಏರಿಳಿಯುವ ದರ ಪದ್ಧತಿ ಅನುಸರಿಸಿತು. ಮಯಾಮಿಯ ಉದ್ಘಾಟನಾ ಪಂದ್ಯಕ್ಕೆ ಆರಂಭದಲ್ಲಿ ಅತಿ ಅಗ್ಗದ ಟಿಕೆಟ್‌ಗೇ 349 ಡಾಲರ್ ಇತ್ತು. ಟಿಕೆಟ್‌ಗಳು ಉಳಿದಾಗ, ಸ್ಥಳೀಯ ಕಾಲೇಜು ವಿದ್ಯಾರ್ಥಿಗಳಿಗೆ 20 ಡಾಲರ್‌ಗೆ ಟಿಕೆಟ್ ನೀಡಿ, ಜೊತೆಗೆ ಉಚಿತ ಟಿಕೆಟ್‌ಗಳನ್ನೂ ಕೊಡಬೇಕಾಯಿತು. ಚೆಲ್ಸಿ ಮತ್ತು ಫ್ಲುಮಿನೆನ್ಸ್ ನಡುವಣ ಸೆಮಿಫೈನಲ್‌ನ ಟಿಕೆಟ್ 473.90 ಡಾಲರ್‌ಗಳಿಂದ 13.40 ಡಾಲರ್‌ಗೆ ಇಳಿಯಿತು. ಮೊದಲೇ ಪೂರ್ಣ ದರ ತೆತ್ತವರು ಮೂರ್ಖರಾದಂತಾಯಿತು. ಲಾಸ್ ಏಂಜಲಿಸ್ ಬಳಿಯ ರೋಸ್ ಬೌಲ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಆಟ ನೋಡಲು 80 ಸಾವಿರಕ್ಕೂ ಹೆಚ್ಚು ಜನ ಸೇರಿದರೆ, ಒರ್ಲಾಂಡೊದಲ್ಲಿ ಕೊರಿಯಾ ಹಾಗೂ ದಕ್ಷಿಣ ಆಫ್ರಿಕಾದ ಕ್ಲಬ್‌ಗಳ ಪಂದ್ಯ ನೋಡಿದವರು ಕೇವಲ 3,412 ಮಂದಿ.

ಈ ಪಾಠದ ನಂತರವೂ 2026ರ ವಿಶ್ವಕಪ್‌ಗೆ ಅದೇ ಏರಿಳಿಯುವ ದರ ಪದ್ಧತಿಯನ್ನು ಫಿಫಾ ಮುಂದುವರಿಸಿತು. 2025ರ ಡಿಸೆಂಬರ್‌ನಲ್ಲಿ ವಿವಿಧ ದೇಶಗಳ ನಿಷ್ಠಾವಂತ ಅಭಿಮಾನಿಗಳಿಗೆ ಮೀಸಲಾದ ಟಿಕೆಟ್‌ಗಳ ದರ ಹೊರಬಿದ್ದಾಗ, ಫೈನಲ್‌ನ ಅತಿ ಅಗ್ಗದ ಟಿಕೆಟ್ 4,185 ಡಾಲರ್ ಎಂದು ತಿಳಿದು ಯುರೋಪಿನ ಅಭಿಮಾನಿ ಸಂಘಟನೆಗಳು ಕೆರಳಿದವು. ಕೆಲವೇ ದಿನಗಳಲ್ಲಿ ಫಿಫಾ ಮಣಿದು, ಫೈನಲ್ ಸೇರಿದಂತೆ ಎಲ್ಲ 104 ಪಂದ್ಯಗಳಿಗೂ 60 ಡಾಲರ್‌ಗಳ ಸೀಮಿತ ಸಂಖ್ಯೆಯ ಟಿಕೆಟ್‌ಗಳನ್ನು ಪ್ರಕಟಿಸಿತು. ಅವು ಸಿಕ್ಕಿದ್ದು ಸಣ್ಣ ಪಾಲಿಗೆ ಮಾತ್ರ. ಆದರೂ ಅಭಿಮಾನಿಯ ಕೂಗಿಗೆ ಬೆಲೆಯಿದೆ ಎಂಬುದು ಆನ್‌ಫೀಲ್ಡ್ ನಂತರ ಮತ್ತೊಮ್ಮೆ ಸಾಬೀತಾಯಿತು.

ನಮ್ಮಲ್ಲಿನ ಕೊರತೆ ಬೇರೆ

ಭಾರತದ ಮಟ್ಟಿಗೆ ಸಮಸ್ಯೆಯ ಮುಖವೇ ಬೇರೆ. 2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0 ಗೋಲುಗಳಿಂದ ಸೋಲಿಸಿದಾಗ ಗ್ಯಾಲರಿಯಲ್ಲಿದ್ದವರು 2,569 ಮಂದಿ. ಬೆಂಗಳೂರು ಎಫ್‌ಸಿ ತಂಡವನ್ನೂ ಮುನ್ನಡೆಸುತ್ತಿದ್ದ ನಾಯಕ ಸುನಿಲ್ ಚೆಟ್ರಿ ಮರುದಿನ ವಿಡಿಯೊ ಸಂದೇಶದಲ್ಲಿ, ಬಯ್ಯಲಿಕ್ಕಾದರೂ ಕ್ರೀಡಾಂಗಣಕ್ಕೆ ಬನ್ನಿ ಎಂಬರ್ಥದಲ್ಲಿ ಕೈಮುಗಿದು ಕೇಳಿಕೊಂಡರು. ಜೂನ್ 4ರಂದು ಕೆನ್ಯಾ ವಿರುದ್ಧ ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಮಾರಾಟವಾದವು. ಸುರಿವ ಮಳೆಯಲ್ಲೂ ಗ್ಯಾಲರಿ ತುಂಬಿತ್ತು. ಅದನ್ನು ತುಂಬಿಸಿದ್ದು ದರದ ರಿಯಾಯಿತಿಯಲ್ಲ, ನಿಮ್ಮ ಅಗತ್ಯ ನಮಗಿದೆ ಎಂಬ ಒಂದು ಕರೆ.

ಎರಡೂ ಕಡೆಯ ಅನುಭವ ಒಂದೇ ಮಾತನ್ನು ಹೇಳುತ್ತದೆ. ಪ್ರೇಕ್ಷಕ ಕೇವಲ ಗಿರಾಕಿಯಲ್ಲ, ಆಟದ ಒಂದು ಭಾಗ. ಅಭಿಮಾನದ ಅಭ್ಯಾಸ ಇಲ್ಲದಲ್ಲಿ ಅಗ್ಗದ ಟಿಕೆಟ್ ಒಂದೇ ಗ್ಯಾಲರಿ ತುಂಬಿಸದು. ಅಭ್ಯಾಸ ಇರುವಲ್ಲಿ ದುಬಾರಿ ಟಿಕೆಟ್ ಅದನ್ನು ಖಾಲಿ ಮಾಡದು, ಆದರೆ ಬೆಳೆಸಿದವರನ್ನೇ ಹೊರಗೆ ನಿಲ್ಲಿಸುತ್ತದೆ. ಆಟ ಮೂಗಾದರೆ ಅದರ ಸುತ್ತಲಿನ ವ್ಯಾಪಾರ ಮೂಗುತಿ. ಮೂಗುತಿಯ ಭಾರಕ್ಕೆ ಮೂಗು ಹರಿದ ಮೇಲೆ ಚಿನ್ನದ ತೂಕ ಹೇಳಿ ಪ್ರಯೋಜನವಿಲ್ಲ. ಇಂದು ಎಷ್ಟು ಆಸನಗಳು ತುಂಬಿವೆ ಎಂಬುದರ ಜೊತೆಗೆ, ಅವುಗಳಲ್ಲಿ ಎಷ್ಟು ಮಕ್ಕಳು ಕುಳಿತಿದ್ದಾರೆ ಎಂಬುದನ್ನೂ ಎಣಿಸುವ ಕ್ಲಬ್ ಮಾತ್ರ ಮುಂದಿನ ಇಪ್ಪತ್ತು ವರ್ಷಗಳ ಲೆಕ್ಕವನ್ನು ಸರಿಯಾಗಿ ಬರೆಯಬಲ್ಲದು.