ಚಿತ್ರ ಬೇಕು, ಚಿತ್ರ ತೆಗೆದವನು ಬೇಡ!

ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ ಕಳೆದ ಬೇಸಿಗೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯ ನಡೆಯಿತು. ಎರಡು ದಿನ ಬಿಟ್ಟು ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದರ ಚಿತ್ರ ಬಂತು. ರೇಡಿಗೆ ಹೋದ ಹುಡುಗ ಗೆರೆ ಮುಟ್ಟಲು ಮೈಯನ್ನೆಲ್ಲ ಚಾಚಿದ್ದಾನೆ. ಕಾಲು ಹಿಡಿದವನ ಹಲ್ಲು ಕಚ್ಚಿದೆ. ಇಬ್ಬರ ನಡುವೆ ಮಣ್ಣು ಎದ್ದಿದೆ. ಚಿತ್ರದ ಕೆಳಗೆ ಪಂದ್ಯ ಉದ್ಘಾಟಿಸಿದವರ ಹೆಸರಿತ್ತು, ಅಧ್ಯಕ್ಷತೆ ವಹಿಸಿದವರ ಹೆಸರಿತ್ತು, ಟ್ರೋಫಿ ಕೊಡಿಸಿದ ಕೊಬ್ಬರಿ ವರ್ತಕರ ಹೆಸರೂ ಇತ್ತು. ರಾತ್ರಿ ಎರಡು ಗಂಟೆಯವರೆಗೆ ಮಂಡಿಯೂರಿ ಕೂತು ಆ ಚಿತ್ರ ತೆಗೆದವನ ಹೆಸರು ಮಾತ್ರ ಇರಲಿಲ್ಲ.

ಅವನು ನಮ್ಮ ಕಿರಿಯ ಗೆಳೆಯ. ಯಾವ ಪತ್ರಿಕೆಯ ನೌಕರನೂ ಅಲ್ಲ, ಯಾವ ಸ್ಟುಡಿಯೋದ ಮಾಲೀಕನೂ ಅಲ್ಲ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ ಅವನ ಹೊಟ್ಟೆಪಾಡು. ಅದು ಮುಗಿದ ಮೇಲೆ ತನ್ನ ಖುಷಿಗೆ, ತನ್ನದೇ ಪೆಟ್ರೋಲ್ ಸುಟ್ಟುಕೊಂಡು ತಿಪಟೂರು, ಚಿಕ್ಕನಾಯಕನಹಳ್ಳಿ ಎಂದು ಅಲೆಯುತ್ತಾನೆ. ವಾಲಿಬಾಲ್, ಕುಸ್ತಿ, ಶಾಲಾ ಮಕ್ಕಳ ಓಟ ಒಂದು ಕಡೆ. ಇನ್ನೊಂದು ಕಡೆ ಮುಖಗಳು. ಕಾಯಿ ಸುಲಿಯುವವರು, ಮರ ಹತ್ತುವವರು, ಮಂಡಿಯ ಹಮಾಲರು, ಸೈಕಲ್ಲಿನಲ್ಲಿ ಬಟ್ಟೆ ಮಾರುವ ಮುದುಕರು. ಹಿಂದೆ ಒಂದು ಬಿಳಿ ಪಂಚೆ ಕಟ್ಟಿ, ಹಗಲ ಬೆಳಕಿನಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ ತೆಗೆಯುತ್ತಾನೆ. ‘ನಗಿ’ ಎಂದು ಹೇಳುವುದಿಲ್ಲ. ಅವರಿಗೆ ಹೇಗೆ ಕೂರಬೇಕೆನಿಸುತ್ತದೋ ಹಾಗೆ ಕೂರುತ್ತಾರೆ.

ಇಂಥವರನ್ನು ಫ್ರೀಲಾನ್ಸ್ ಫೋಟೋಗ್ರಾಫರ್ ಎನ್ನುತ್ತಾರೆ. ನಮ್ಮ ಜನ ಆ ಮಾತಿನಲ್ಲಿ ‘ಫ್ರೀ’ ಎಂಬ ಮೊದಲ ಭಾಗವನ್ನಷ್ಟೇ ಅರ್ಥ ಮಾಡಿಕೊಂಡಿದ್ದಾರೆ!

‘ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇವನದೇನು ಹೆಚ್ಚುಗಾರಿಕೆ’ ಎನ್ನುವವರಿದ್ದಾರೆ. ಅವರು ಒಮ್ಮೆ ರಾತ್ರಿಯ ಕಬಡ್ಡಿಯನ್ನು ಮೊಬೈಲಿನಲ್ಲಿ ತೆಗೆದು ನೋಡಲಿ. ಕಂಬಗಳಿಗೆ ಕಟ್ಟಿದ ದೀಪದ ಬೆಳಕು ಕಣ್ಣಿಗೆ ಸಾಕು, ಕ್ಯಾಮೆರಾಕ್ಕೆ ಸಾಲದು. ಓಡುವ ಮೈ ಮಸುಕಾಗದಿರಬೇಕಾದರೆ ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ಶಟರ್ ತೆರೆಯಬೇಕು. ಅಷ್ಟರೊಳಗೆ ಬೇಕಾದಷ್ಟು ಬೆಳಕನ್ನು ಒಳಗೆ ಬಿಡುವ ದೊಡ್ಡ ಲೆನ್ಸಿಗೆ ಒಂದು ಹೊಸ ಬೈಕಿನ ಬೆಲೆ. ಇಷ್ಟೆಲ್ಲ ಇದ್ದರೂ ರೇಡರ್ ಯಾವ ಕಡೆ ತಿರುಗುತ್ತಾನೆಂದು ಮೊದಲೇ ಊಹಿಸದವನಿಗೆ ಸಿಗುವುದು ಬೆನ್ನುಗಳು ಮಾತ್ರ.

ಈ ಕೆಲಸಕ್ಕೆ ನಾವು ಕೊಡುವ ಸಂಬಳವೆಂದರೆ ‘ನಿಮಗೆ ಪ್ರಚಾರ ಸಿಗುತ್ತದಲ್ಲ’ ಎಂಬ ಒಂದು ಮಾತು. ಹೆಸರೇ ಹಾಕದ ಮೇಲೆ ಯಾರಿಗೆ ಪ್ರಚಾರ? ತಿಪಟೂರಿನ ಮಾರುಕಟ್ಟೆಯಲ್ಲಿ ಒಂದು ಕ್ವಿಂಟಲ್ ಉಂಡೆ ಕೊಬ್ಬರಿಯನ್ನು ‘ಪ್ರಚಾರಕ್ಕಾಗಿ’ ಕೊಡಿ ಎಂದು ಕೇಳಿ ನೋಡಿ! ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಗೂ ಒಂದು ದಿನ ಹರಾಜಿನಲ್ಲಿ ಬೆಲೆ ಕೂಗುತ್ತಾರೆ. ಇವನ ಚಿತ್ರಗಳು ಹಾರ್ಡ್ ಡಿಸ್ಕಿನ ಅಟ್ಟದಲ್ಲಿ ಎಷ್ಟು ವರ್ಷ ಒಣಗಿದರೂ ಕೂಗುವವರಿಲ್ಲ.

ಕಾನೂನು ಏನು ಹೇಳುತ್ತದೆಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ಛಾಯಾಗ್ರಾಹಕರಿಗೂ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರವೂ ಕತೆ ಕವಿತೆಗಳಂತೆ ಒಂದು ಕೃತಿ. ನೀವು ಹಣ ಕೊಟ್ಟು ನಿಮ್ಮ ಮದುವೆಯ ಚಿತ್ರ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದರ ಹಕ್ಕು ನಿಮ್ಮದು. ಆದರೆ ಅವನು ತಾನಾಗಿ ಹೋಗಿ ತೆಗೆದ ಕಬಡ್ಡಿಯ ಚಿತ್ರ, ಹಮಾಲರ ಮುಖ, ಇವು ಅವನವು. ಹಕ್ಕನ್ನು ಮಾರಿದ ಮೇಲೂ ‘ಇದನ್ನು ತೆಗೆದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಅವನಲ್ಲೇ ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕಿನ ಅವಧಿಯೂ ಸಾಹಿತಿಯದರಷ್ಟೇ ಆಗಿದೆ: ತೆಗೆದವನ ಜೀವಿತಕಾಲ ಮತ್ತು ಅನಂತರದ 60 ವರ್ಷ. ಕತೆಗಾರರಾದ ನಾವು ನಮ್ಮ ಒಂದು ಪ್ಯಾರಾ ಕದ್ದರೆ ಊರೆಲ್ಲ ಕೂಗುತ್ತೇವೆ.

ಈ ಮರೆವು ಹೊಸದೇನಲ್ಲ. ಕನ್ನಡದ ಕಣ್ವರೆನಿಸಿದ ಬಿ.ಎಂ.ಶ್ರೀ. ಹುಟ್ಟಿದ್ದು ಇದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ಅವರ ಭಾವಚಿತ್ರ ನೋಡದೆ ಕನ್ನಡ ಶಾಲೆ ಮುಗಿಸಿದವರಿಲ್ಲ. ಆ ಚಿತ್ರ ತೆಗೆದದ್ದು ಯಾರೆಂದು ನಮಗೆ ಯಾವ ಮೇಷ್ಟರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗೌರವ ಸಿಕ್ಕಿದವರೇ ಇಲ್ಲವೆಂದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕೆಯ ನೌಕರಿ ಬಿಟ್ಟು ಸ್ವತಂತ್ರವಾಗಿ ಕೆಲಸ ಮಾಡಿದವರು. ಸಿಡುಬು ನಿರ್ಮೂಲನೆಯ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ, ಮಕ್ಕಳಿಗಾಗಿ ಯುನಿಸೆಫ್‌ಗೆ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಬೀದಿಯ ಮಕ್ಕಳು, ದುಡಿಯುವ ಹೆಂಗಸರು, ದೊಡ್ಡವರು, ಸಣ್ಣವರು ಎಲ್ಲರೂ ಅವರಿಗೆ ವಸ್ತುವಾದರು. ಸಾಧ್ಯವಾದದ್ದು ಹೇಗೆ? ಪ್ರತಿಭೆ ಸರಿ. ಜೊತೆಗೆ ಚಿತ್ರಕ್ಕೆ ದುಡ್ಡು ಕೊಟ್ಟು ಹೆಸರು ಹಾಕುವ ಪತ್ರಿಕೆಗಳೂ ಸಂಸ್ಥೆಗಳೂ ಅವರಿಗೆ ಸಿಕ್ಕವು. ತುರುವೇಕೆರೆಯ ಹುಡುಗನಿಗೆ ಯಾರು ಸಿಕ್ಕಿದ್ದಾರೆ?

ಇದರಲ್ಲಿ ನಷ್ಟ ಅವನೊಬ್ಬನದಲ್ಲ, ನಮ್ಮದು ಹೆಚ್ಚು. ಪತ್ರಿಕೆಗಳಲ್ಲಿ ಮುಸ್ಲಿಮರ ಕುರಿತು ಏನೇ ಬರಲಿ, ಶಿಕ್ಷಣವಿರಲಿ, ಸಾಲದ ಯೋಜನೆಯಿರಲಿ, ಚುನಾವಣೆಯಿರಲಿ, ಜೊತೆಗೆ ಅಚ್ಚಾಗುವುದು ಅದೇ ‘ಸಂಗ್ರಹ ಚಿತ್ರ’. ಈದ್ಗಾದಲ್ಲಿ ಸಾಲಾಗಿ ಬಾಗಿದ ಬೆನ್ನುಗಳು, ಟೋಪಿಗಳು. ಇಲ್ಲವೇ ಬಸ್ ನಿಲ್ದಾಣದಲ್ಲಿ ನಿಂತ ಮೂರು ಬುರ್ಖಾಗಳು. ನಮಾಝ್ ನಮ್ಮ ಬದುಕಿನ ಭಾಗ, ಅದರ ಚಿತ್ರ ಬಂದರೆ ಬೇಸರವಿಲ್ಲ. ಆದರೆ ನಮಗೆ ಬೆನ್ನಲ್ಲದೆ ಮುಖವೇ ಇಲ್ಲವೆ? ಈ ಹುಡುಗನ ಕಂಪ್ಯೂಟರಿನಲ್ಲಿ ನೋಡಿ. ಗೆಲುವಿನ ಸರ್ವ್ ಹೊಡೆದು ಗಾಳಿಯಲ್ಲೇ ನಗುತ್ತಿರುವ ಸಾಬರ ಹುಡುಗನಿದ್ದಾನೆ. ಸುಲಿದ ಕಾಯಿಗಳ ರಾಶಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಖಾಲಾ ಇದ್ದಾರೆ. ಪಕ್ಕದ ಚಿತ್ರದಲ್ಲಿ ಅದೇ ಭಂಗಿಯಲ್ಲಿ ಅವರ ಜೊತೆಗಾತಿ ಗೌರಮ್ಮನಂಥವರಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದ ಭಾರತದ ಫುಟ್‌ಬಾಲ್ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದರು. ಅದನ್ನು ಇಂದು ಯಾರೂ ಕಟ್ಟುಕತೆ ಎನ್ನಲಾರರು, ಏಕೆಂದರೆ ಚಿತ್ರಗಳಿವೆ. ನಮ್ಮ ತಾಲ್ಲೂಕಿನ ಮೈದಾನಗಳಿಗೆ ಅಂಥ ಸಾಕ್ಷಿ ಇವನೊಬ್ಬನೇ. ಅವನಿಂದ ಕೊಳ್ಳದ ಪತ್ರಿಕೆ ತನ್ನ ಹಳೆಯ ಪೆಟ್ಟಿಗೆಗೇ ಕೈ ಹಾಕುತ್ತದೆ, ಮತ್ತೆ ಬೆನ್ನುಗಳೇ ಬರುತ್ತವೆ.

ಪತ್ರಿಕೆಗಳನ್ನಷ್ಟೇ ಬೈದು ಕೂರುವುದು ಸುಲಭ. ನಮ್ಮ ಜಮಾಅತ್‌ಗಳು, ಶಿಕ್ಷಣ ಸಂಸ್ಥೆಗಳು ಒಮ್ಮೆಯಾದರೂ ಇಂಥವನನ್ನು ಕರೆದು, ಕೂಲಿ ಕೊಟ್ಟು, ನಮ್ಮ ಹುಡುಗ ಹುಡುಗಿಯರ ಆಟವನ್ನು ಚಿತ್ರಿಸು ಎಂದಿವೆಯೆ? ಕೇಳಿದರೆ ಕೆಲವರು ತಸ್ವೀರಿನ ಮಸಲಾ ಎತ್ತುತ್ತಾರೆ. ಕ್ಯಾಮೆರಾದ ಚಿತ್ರ ಸಮ್ಮತವೇ ಅಲ್ಲವೇ ಎಂಬ ಚರ್ಚೆ ನೂರು ವರ್ಷಕ್ಕೂ ಹಳೆಯದು. ಒಪ್ಪದವರ ಪ್ರಾಮಾಣಿಕತೆಯನ್ನು ನಾವು ಗೌರವಿಸುತ್ತೇವೆ. ಈಜಿಪ್ಟಿನ ಮುಫ್ತಿ ಮುಹಮ್ಮದ್ ಬಖೀತ್ ಅದನ್ನು ಸಮ್ಮತವೆಂದು ಬರೆದರು. ಮೌಲಾನಾ ಆಝಾದರು 1912ರಲ್ಲಿ ಆರಂಭಿಸಿದ ಉರ್ದು ‘ಅಲ್ ಹಿಲಾಲ್’ ಚಿತ್ರಗಳೊಂದಿಗೇ ಹೊರಬರುತ್ತಿತ್ತು. ಹಜ್ ಅರ್ಜಿಗೆ, ಪಾಸ್‌ಪೋರ್ಟಿಗೆ, ಮಗನ ವಲೀಮಾಕ್ಕೆ ನೆನಪಾಗದ ಮಸಲಾ ಛಾಯಾಗ್ರಾಹಕನ ಬಿಲ್ಲು ಬಂದಾಗ ಮಾತ್ರ ನೆನಪಾದರೆ ಅದನ್ನು ಏನೆಂದು ಕರೆಯೋಣ? ದುಡಿದವನ ಬೆವರು, ಕೂಲಿ ಕುರಿತ ಪ್ರವಾದಿ ವಚನವನ್ನು ಜುಮಾ ಖುತ್ಬಾದಲ್ಲಿ ಕೇಳಿ ತಲೆದೂಗುವವರೂ ನಾವೇ.

ನಮ್ಮ ತಪ್ಪನ್ನೂ ಇಲ್ಲಿ ಬರೆಯದೆ ವಿಧಿಯಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮದೊಂದು ಕಥಾಸಂಕಲನ ಬಂತು. ರಕ್ಷಾಪುಟಕ್ಕೆ ಇವನು ತೆಗೆದ ಒಬ್ಬ ಮುದುಕಿಯ ಕೈಗಳ ಚಿತ್ರ ಕೇಳಿದೆವು. ಕೂಡಲೇ ಕಳಿಸಿಕೊಟ್ಟ. ಪುಸ್ತಕ ಬಂದಾಗ ಮುನ್ನುಡಿ ಬರೆದವರಿಗೆ, ಬೆನ್ನುಡಿ ಬರೆದವರಿಗೆ, ಅಕ್ಷರ ಜೋಡಿಸಿದವರಿಗೆ ಕೃತಜ್ಞತೆ ಇತ್ತು. ಇವನ ಹೆಸರು ಬಿಟ್ಟುಹೋಗಿತ್ತು. ಪ್ರಕಾಶಕರ ಮೇಲೆ ಹಾಕಿ ಸುಮ್ಮನಾದೆವು. ಕರಡು ತಿದ್ದಿದವರು ನಾವೇ ಅಲ್ಲವೆ? ಬಿಡುಗಡೆಯ ದಿನ ಅವನು ಹಿಂದಿನ ಸಾಲಿನಲ್ಲಿ ಕೂತು ಪುಸ್ತಕ ತಿರುಗಿಸಿ ನೋಡುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, ‘ಪ್ರಿಂಟು ಚೆನ್ನಾಗಿ ಬಂದಿದೆ ಅಣ್ಣ’ ಎಂದಷ್ಟೇ ಹೇಳಿದ.

ಎರಡನೆಯ ಮುದ್ರಣ ಈಗ ಅಚ್ಚಿಗೆ ಹೋಗಿದೆ. ಒಳಪುಟದಲ್ಲಿ ಅವನ ಹೆಸರು ಸೇರಿಸಿದ್ದೇವೆ. ಚಿತ್ರಕ್ಕೆ ಎಷ್ಟು ಕೊಡಬೇಕೆಂದು ಕಳೆದ ವಾರ ಫೋನ್ ಮಾಡಿ ಕೇಳಿದೆವು. ‘ನಿಮ್ಮಿಂದ ಏನು ತಗೊಳ್ಳೋದು ಬಿಡಿ ಅಣ್ಣ’ ಎಂದ. ಬಿಡುವುದಿಲ್ಲ, ಬಿಲ್ಲು ಬರೆದು ಕಳಿಸು ಎಂದಿದ್ದೇವೆ. ಇನ್ನೂ ಬಂದಿಲ್ಲ.